ಚಿಕ್ಕಮ್ಮನ ಮನೆಗೆ ಭೂತ ಬಂದದ್ದು

ಮಾರ್ಚ್ ಹದಿನಾಲ್ಕು, ಶುಕ್ರವಾರ
ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನೀನು ಚೆನ್ನಾಗಿದ್ದೀಯೆಂದು ನಂಬಿಕೊಂಡೇ ಶುರು ಮಾಡುತ್ತೇನೆ. ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಕೇಳಿದರೆ ಕೈನಡುಕ, ಕಣ್ಣು, ಚಳಿ ಎಂದು ಮೂರು ಸುಳ್ಳು ಹೇಳುತ್ತೇನೆ. ನಿಜವೆಂದರೆ ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಎದ್ದೆ, ಕಾಫಿ ಮಾಡಿಕೊಂಡೆ, ಕಿಟಕಿಯ ಹತ್ತಿರ ಕೂತೆ, ಸಂಜೆಯಾಯಿತು ಎಂದು ಅರವತ್ತೊಂದು ವರ್ಷದ ತಂಗಿಗೆ ಎಷ್ಟು ಸಲ ಬರೆಯಲಿ?

ನನ್ನ ಬಲಗಿವಿ ಪೂರ್ತಿ ನಿವೃತ್ತಿಯಾಗಿದೆ. ಎಡಗಿವಿ ಇನ್ನೂ ಅರ್ಧ ದಿನದ ಕೆಲಸಕ್ಕೆ ಬರುತ್ತದೆ. ಕೆಳಗಿನ ಕನ್ನಡಕದ ಅಂಗಡಿಯವನು ಒಳ್ಳೆಯವನು. ಬಾಗಿಲು ಹಾಕುವಾಗ ಮೆಟ್ಟಿಲ ಬುಡದಲ್ಲಿ ನಿಂತು, "ಇವತ್ತು ಯಾರ ಜೊತೆನಾದ್ರೂ ಮಾತಾಡಿದ್ರಾ ಯಜಮಾನ್ರೇ?" ಎಂದು ಕೂಗುತ್ತಾನೆ. "ಈಗ ನಿನ್ ಜೊತೆ ಆಡ್ತಾ ಇದೀನಲ್ಲಪ್ಪ" ಎನ್ನುತ್ತೇನೆ. ಅವನು ನಗುತ್ತಾನೆ. ಎಷ್ಟೋ ದಿನ ಅದೊಂದೇ ಮಾತು.

ಆದರೆ ಈ ವಾರ ಒಂದು ವಿಷಯ ನಡೆದಿದೆ. ಅದಕ್ಕೇ ಈ ಕಾಗದ.

ಸೋಮವಾರ ರೇಡಿಯೋ ನಿಲಯದಿಂದ ಫೋನ್ ಬಂತು. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಒಬ್ಬ ಹುಡುಗಿಯನ್ನು ನೇಮಿಸಿದ್ದಾರೆ. "ಸಾರ್, ನಿಮ್ಮ ಪತ್ತೇದಾರಿ ನಾಟಕ ಸಿಕ್ಕಿದೆ. ಭೂತದ ಮನೆ ಕಂತು, ಮೂರು ವಾರದ್ದೂ ಇದೆ. ಜೊತೆಗೆ ಒಂದು ಸುರುಳಿ ಇದೆ, ಅದ್ರಲ್ಲಿ ಬರೀ ಸದ್ದು. ಏನು ಅಂತ ಗೊತ್ತಾಗ್ತಿಲ್ಲ. ಬಂದು ಹೇಳ್ತೀರಾ?" ಎಂದಳು. ಬರುತ್ತೇನೆ ಎಂದೆ. ಫೋನ್ ಇಟ್ಟಮೇಲೆ ಬರುವುದಿಲ್ಲ ಎನ್ನಬೇಕಿತ್ತು ಅನ್ನಿಸಿತು.

ಆ ನಾಟಕ ಬಂದಾಗ ನೀನು ಹದಿಮೂರರವಳು, ನಾನು ಇಪ್ಪತ್ತಾರು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಎನ್ನಬೇಡ. ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿನಗೆ ಒಂದು ದಿನವೂ ಹೇಳಿಲ್ಲ. ಚಿಕ್ಕಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಅವಳ ಮನೆಯ ಮಾತೇ ಎತ್ತಿಲ್ಲ, ಅಲ್ಲವೇ?

ನಾನು ನಿಲಯದಲ್ಲಿ ಸದ್ದಿನವನಾಗಿದ್ದೆ. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸುವುದು, ತಗಡು ಅಲ್ಲಾಡಿಸಿ ಗುಡುಗು ತರಿಸುವುದು ನನ್ನ ಹೊಟ್ಟೆಪಾಡು. ಆ ವರ್ಷ ಕರಿಕೋಟಿನ ಪತ್ತೇದಾರನ ಸರಣಿ ಶುರುವಾಯಿತು. ಗುರುವಾರ ಸಂಜೆ ಏಳಕ್ಕೆ ಬೀದಿಗೆ ಬೀದಿಯೇ ರೇಡಿಯೋ ಮುಂದೆ ಕೂರುತ್ತಿತ್ತು. ಭೂತದ ಮನೆಯ ಕಥೆ ಬಂದಾಗ ನಮ್ಮ ನಿರ್ದೇಶಕರು ನನ್ನನ್ನು ಕರೆದು, "ಸ್ಟುಡಿಯೋದ ಮರದ ಪೆಟ್ಟಿಗೆ ಸದ್ದು ಬೇಡಪ್ಪ. ನಿಜವಾದ ಮನೆ ಬೇಕು. ಮನೆ ನರಳಬೇಕು" ಎಂದರು.

ನನಗೆ ನೆನಪಾದದ್ದು ಚಿಕ್ಕಮ್ಮನ ಮನೆ. ಅಮ್ಮ ಹೋದಮೇಲೆ ನಮ್ಮಿಬ್ಬರನ್ನೂ ಎತ್ತಿಕೊಂಡು ಬಂದು ಸಾಕಿದ ಮನೆ. ಕೆಳಗೆ ಆರು ಹೊಲಿಗೆ ಯಂತ್ರ, ಹನ್ನೊಂದು ಜನ ಹೊಲಿಗೆ ಕಲಿಯುವ ಹುಡುಗಿಯರು, ಮೇಲೆ ನಾವು. ಏಳನೇ ಮೆಟ್ಟಿಲು ಒಬ್ಬೊಬ್ಬರಿಗೆ ಒಂದೊಂದು ಥರ ಕಿರುಗುಟ್ಟುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಟೇಪ್ ಯಂತ್ರವನ್ನು ಹೊತ್ತು ತಂದೆ. ಚಿಕ್ಕಮ್ಮನಿಗೆ ಹಬ್ಬವೋ ಹಬ್ಬ. ಬರಿಗಾಲಲ್ಲಿ ಒಮ್ಮೆ ಹತ್ತಿದಳು, ಮರದ ಚಪ್ಪಲಿ ಹಾಕಿ ಒಮ್ಮೆ. ಕಿಟಕಿಯ ರೆಕ್ಕೆ ಬಡಿದಳು, ಅಟ್ಟದ ಟ್ರಂಕು ಎಳೆದಳು, ಹೊಲಿಗೆ ಯಂತ್ರದ ಚಕ್ರವನ್ನು ಬಟ್ಟೆಯಿಲ್ಲದೆ ತಿರುಗಿಸಿದಳು. ನಾಟಕದಲ್ಲಿ ಸತ್ತ ಹೆಂಗಸೊಬ್ಬಳು ಖಾಲಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳಲ್ಲ, ಅದು ಚಿಕ್ಕಮ್ಮನದೇ ಉಪಾಯ. "ದೆವ್ವಕ್ಕೂ ಮಾಡೋಕೆ ಒಂದ್ ಕೆಲ್ಸ ಬೇಡ್ವೇನೋ?" ಎಂದಿದ್ದಳು. ನಾನು ಅದನ್ನು ಹೇಳಿದಾಗ ನಿರ್ದೇಶಕರು ಕುಣಿದುಬಿಟ್ಟರು.

ಮೊದಲ ಕಂತಿನ ಮಾರನೆಯ ದಿನ ನಿಲಯದ ವಾರಪತ್ರಿಕೆಯವರು ನನ್ನ ಸಂದರ್ಶನ ಮಾಡಿದರು. ಅದುವರೆಗೆ ಯಾರೂ ಸದ್ದಿನವನ ಸಂದರ್ಶನ ಮಾಡಿದ್ದಿಲ್ಲ. ತಲೆ ತಿರುಗಿತು. ಹಳೇ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಕೊನೆಯ ಮನೆ ಎಂದು ವಿಳಾಸವನ್ನೇ ಹೇಳಿದೆ. ಅಷ್ಟಕ್ಕೇ ಬಿಡಬೇಕಿತ್ತು. "ಆ ಮನೇಲಿ ನಿಜವಾಗ್ಲೂ ಏನೋ ಇದೆ" ಎಂದು ಗಂಭೀರವಾಗಿ ಸೇರಿಸಿದೆ. ತಮಾಷೆಗೆ. ಅವರು ಅದನ್ನೇ ದಪ್ಪಕ್ಷರದಲ್ಲಿ ಹಾಕಿದರು.

ಮೂರನೇ ವಾರ ಕರಿಕೋಟಿನವನು ಅಟ್ಟ ಹತ್ತಿ, ಮನೆ ಕಬಳಿಸಲು ಹೊಂಚು ಹಾಕಿದ್ದ ವಕೀಲನನ್ನು ಹಿಡಿದ. ಭೂತವೂ ಇಲ್ಲ, ಗೀತವೂ ಇಲ್ಲ ಎಂದು ಹತ್ತು ನಿಮಿಷ ಬಿಡಿಸಿ ಬಿಡಿಸಿ ಹೇಳಿದ. ಆ ಹತ್ತು ನಿಮಿಷ ಊರಿನಲ್ಲಿ ಒಬ್ಬರಿಗೂ ನೆನಪು ಉಳಿಯಲಿಲ್ಲ, ಗುಬ್ಬಿ. ಉಳಿದದ್ದು ಮೆಟ್ಟಿಲು, ಉಳಿದದ್ದು ತನ್ನಷ್ಟಕ್ಕೆ ತಾನೇ ತಿರುಗುವ ಹೊಲಿಗೆ ಯಂತ್ರ.

ಮೊದಮೊದಲು ಜನ ಗೇಟಿನ ಹತ್ತಿರ ನಿಂತು ನೋಡಿ ಹೋಗುತ್ತಿದ್ದರು. ಚಿಕ್ಕಮ್ಮ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಆಮೇಲೆ ಹನ್ನೊಂದು ಹುಡುಗಿಯರು ಆರಾದರು. ಒಬ್ಬಳ ತಾಯಿ ಬಂದು, "ನಾವೇನೂ ನಂಬಲ್ಲಮ್ಮ, ಆದ್ರೆ ಇವಳು ಸಂಜೆ ಆದ್ರೆ ಬೆಚ್ಚಿಬೀಳ್ತಾಳೆ" ಎಂದಳಂತೆ. ಆರು ಎರಡಾಯಿತು. ಶಾಲೆಯಲ್ಲಿ ನಿನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅದೂ ನಿನ್ನ ಗಂಡನ ಬಾಯಿಂದ. ನೀನು ಯಾಕೆ ಹೇಳಲಿಲ್ಲ?

ಹುಡುಗಿಯರು ಎರಡಾಗುವ ಹೊತ್ತಿಗೆ ನನಗೆ ಬಡ್ತಿ ಸಿಕ್ಕಿ ಬೇರೆ ಊರಿನ ದೊಡ್ಡ ನಿಲಯಕ್ಕೆ ವರ್ಗವಾಗಿತ್ತು. ಕೆಲವು ವರ್ಷ ಕಳೆದು ನೀನು ನರ್ಸಿಂಗ್ ಹಾಸ್ಟೆಲಿಗೆ ಹೋದೆ. ಚಿಕ್ಕಮ್ಮ ಮೇಲಿನ ಅಂತಸ್ತಿಗೆ ಬೀಗ ಹಾಕಿ ಒಂದೇ ಯಂತ್ರ ಇಟ್ಟುಕೊಂಡು ಆಸ್ಪತ್ರೆಯ ದಿಂಬಿನ ಚೀಲ ಹೊಲಿಯುತ್ತಿದ್ದಳು. ಹೋದಾಗಲೆಲ್ಲ ತಾನೇ ಎರಡಾಳಿನ ಮಾತಾಡುತ್ತಿದ್ದಳು. ನಾನು ಬಸ್ಸಿನ ಹೊತ್ತು ನೋಡುತ್ತಿದ್ದೆ. ನಾಟಕ ಬಂದ ಆರನೇ ವರ್ಷ ಅವಳು ಹೋದಳು. ಎರಡು ದಿನ ಯಾರಿಗೂ ತಿಳಿಯಲಿಲ್ಲ. ಹಾಲಿನವನು ನನ್ನೆದುರು ತಲೆ ತಗ್ಗಿಸಿ, "ಬಾಗಿಲು ಮುಚ್ಚಿತ್ತು ಸ್ವಾಮಿ, ಆ ಮನೆ ಬಾಗಿಲು ಯಾವಾಗ್ಲೂ ಮುಚ್ಚೇ ಇರುತ್ತಲ್ಲ ಅಂತ ಸುಮ್ನಾದೆ" ಎಂದ. ಅವನ ಮೇಲೆ ಕೂಗಾಡಿದೆ. ಕೂಗಾಡಬಾರದಿತ್ತು.

ಇರಲಿ. ಬುಧವಾರ ಬೆಳಗ್ಗೆ ನಿಲಯಕ್ಕೆ ಹೋದೆ. ಗೇಟಿನಲ್ಲಿ ಕಾವಲಿನವನು ನನ್ನ ಹೆಸರು ಬರೆದುಕೊಂಡು ಕೊರಳಿಗೆ ಅತಿಥಿ ಎಂಬ ಚೀಟಿ ತೂಗುಹಾಕಿದ. ಮೂವತ್ತನಾಲ್ಕು ವರ್ಷ ರೇಡಿಯೋದಲ್ಲಿ ದುಡಿದವನು ಅತಿಥಿ! ಹುಡುಗಿ ಕುರ್ಚಿ ಎಳೆದು ಕೂರಿಸಿ, ಎಡಗಿವಿಗೆ ಸರಿಯಾಗಿ ಹೆಡ್‌ಫೋನ್ ಹಾಕಿ, ಸುರುಳಿ ಬಿಟ್ಟಳು.

ಮೊದಲು ಮೆಟ್ಟಿಲು. ಒಂದು, ಎರಡು, ಮೂರು. ಏಳನೆಯದು ಬಂದಾಗ ನನ್ನ ಕೈ ತಾನಾಗಿಯೇ ಮೇಜನ್ನು ಹಿಡಿದುಕೊಂಡಿತು. ಮತ್ತೆ ಹತ್ತುವುದು, ಮತ್ತೆ ಇಳಿಯುವುದು. ಕಿಟಕಿ. ಟ್ರಂಕು. ಅವತ್ತು ಟೇಪು ನಿಲ್ಲಿಸಲು ಮರೆತಿದ್ದೆನೇನೋ, ಚಕ್ರದ ಸದ್ದು ಮುಗಿದ ಮೇಲೂ ಅದು ಓಡುತ್ತಲೇ ಇತ್ತು. ಏದುಸಿರು ಕೇಳಿಸಿತು. ಅದರ ಹಿಂದೆಯೇ ಅವಳ ಮಾತು.

"ಸರಿಯಾಗ್ ಬಂತೇನೋ? ಇನ್ನೊಂದ್ಸಲ ಹತ್ಲಾ? ಮೊಣಕಾಲು ಹಿಡ್ಕೊಳ್ತಿದೆ ಕಣೋ. ನಿನ್ ದೆವ್ವಕ್ಕೆ ವಯಸ್ಸಾಯ್ತು!"

ಹಿಂದೆಯೇ ಯಾರೋ ಕಿಸಕ್ಕನೆ ನಕ್ಕರು. ಅದು ನೀನು.

ಹುಡುಗಿ ನನ್ನ ಮುಖ ನೋಡಿ ಯಂತ್ರ ನಿಲ್ಲಿಸಿದಳು. "ಯಾರು ಸಾರ್ ಇವ್ರು? ನಾಟಕದ ಕಲಾವಿದೆನಾ? ಪಟ್ಟಿಯಲ್ಲಿ ಹೆಸರೇ ಇಲ್ಲ" ಎಂದಳು. "ನಮ್ಮ ಚಿಕ್ಕಮ್ಮ" ಎಂದೆ. ಅವಳು ನೀರು ತಂದುಕೊಟ್ಟಳು. ಆ ಜಾಗವನ್ನು ಇನ್ನೊಮ್ಮೆ ಹಾಕಿದಳು. ಐದು ಸಲ ಕೇಳಿದೆ.

ಭಾನುವಾರ ಇಪ್ಪತ್ತಮೂರರಂದು ಬೆಳಗ್ಗೆ ಹತ್ತು ಗಂಟೆಗೆ ಮೂರೂ ಕಂತು ಮತ್ತೆ ಪ್ರಸಾರವಾಗುತ್ತದೆ. ಅದಕ್ಕೆ ಮುಂಚೆ ಎರಡು ನಿಮಿಷ ಮಾತಾಡಬೇಕೆಂದಳು. ಮೈಕಿನ ಮುಂದೆ ಕೂತೆ. ಜೀವಮಾನದಲ್ಲಿ ಮೊದಲ ಸಲ ಮೈಕಿನ ಮುಂದೆ ನನ್ನದೇ ಬಾಯಿ ತೆರೆದೆ. ಹೀಗೆ ಹೇಳಿದೆ: "ಈ ನಾಟಕದಲ್ಲಿ ನೀವು ಕೇಳುವ ಹೆಜ್ಜೆಗಳು ನಮ್ಮ ಚಿಕ್ಕಮ್ಮನವು. ಹೊಲಿಗೆ ಯಂತ್ರ ಅವರದು, ಮನೆಯೂ ಅವರದೇ. ಆ ಮನೆಯಲ್ಲಿ ಭೂತ ಇರಲಿಲ್ಲ. ಬಹಳ ನಗುವ ಒಬ್ಬ ಹೆಂಗಸು ಇದ್ದರು. ನನ್ನ ಒಂದು ಹಗುರ ಮಾತಿನಿಂದ ಜನ ಆ ಮನೆಗೆ ಹೋಗುವುದನ್ನು ಬಿಟ್ಟರು." ಎರಡು ನಿಮಿಷ ಬೇಕಾಗಲಿಲ್ಲ.

ಹೊರಗೆ ಬಂದು ಬಸ್ಸು ಹಿಡಿದು ಟ್ಯಾಂಕಿನ ಹಿಂದಿನ ಬೀದಿಗೆ ಹೋದೆ. ಮನೆಯಿದ್ದ ಜಾಗದಲ್ಲಿ ಈಗ ಕಾರು ತೊಳೆಯುತ್ತಾರೆ. ನೀರು ಚಿಮ್ಮಿಸುತ್ತಿದ್ದ ಕೆಲಸದವನನ್ನು, "ಇಲ್ಲಿ ಮುಂಚೆ ಏನಿತ್ತು ಗೊತ್ತಾ?" ಎಂದು ಕೇಳಿದೆ. "ಯಾವ್ದೋ ದೆವ್ವದ ಮನೆ ಇತ್ತಂತೆ" ಎಂದ. ಅವನಿಗೂ ಹೇಳಿದೆ. ನೀರು ನಿಲ್ಲಿಸಿ ಪೂರ್ತಿ ಕೇಳಿದ, ಪಾಪ. "ಓ, ನಿಮ್ಮೋರಾ?" ಎಂದ.

ನಿನ್ನ ಮೊಮ್ಮಗಳಿಗೆ ನನ್ನ ಮುದ್ದು. ನಿನ್ನ ಗಂಡನ ಸಕ್ಕರೆ ಹತೋಟಿಯಲ್ಲಿರಲಿ, ನಿನ್ನ ನಾಲಗೆ ಮಾತ್ರ ಹತೋಟಿ ತಪ್ಪಿ ನನ್ನನ್ನು ನಾಲ್ಕು ಬೈಯಲಿ. ಮನೆ ತುಂಬ ಜನ, ಜನದ ತುಂಬ ಮಾತು ಇಟ್ಟುಕೊಂಡು ನೂರು ವರ್ಷ ಬಾಳು. ಹುಡುಗಿ ಸಿ.ಡಿ.ಗೆ ಹಾಕಿಕೊಟ್ಟ ಸುರುಳಿಯ ಪ್ರತಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಒಬ್ಬಳೇ ಇರುವಾಗ ಕೇಳಬೇಡ.

ನಿನ್ನ
ಅಣ್ಣ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೀ ಸದ್ದು. ಹುಡುಗಿಯರು ಆರಾಗಿದ್ದ ವಾರ ಚಿಕ್ಕಮ್ಮ ನಿಲಯದ ಬಾಗಿಲಿಗೇ ಬಂದಿದ್ದಳು. "ಒಂದೇ ಒಂದ್ಸಲ ರೇಡಿಯೋದಲ್ಲಿ ಹೇಳ್ಸೋ, ಮೆಟ್ಟಿಲು ಹತ್ತಿದ್ದು ನಾನೇ ಅಂತ. ಅಷ್ಟು ಹೇಳಿದ್ರೆ ಬರ್ತಾರೆ" ಎಂದಳು. ಆ ದಿನ ಕೇಳುಗರ ಕಾಗದಗಳು ಚೀಲಗಟ್ಟಲೆ ಬಂದಿದ್ದವು, ನಿರ್ದೇಶಕರು ಎಲ್ಲರೆದುರು ನನ್ನ ಬೆನ್ನು ತಟ್ಟಿದ್ದರು. ಇದೆಲ್ಲ ಚಿಕ್ಕಮ್ಮನ ಮೆಟ್ಟಿಲು ಎಂದು ಸಾರಿದರೆ ನನ್ನ ಭೂತ ಸತ್ತುಹೋಗುತ್ತದೆ ಎಂದು ಹೆದರಿದೆ. ಅವಳನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ, ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದೆ. "ಕೇಳ್ದೆ ಚಿಕ್ಕಮ್ಮ, ಒಪ್ಪಲಿಲ್ಲ" ಎಂದೆ. ಅವಳು ನನ್ನ ಕೆನ್ನೆ ಸವರಿ, "ಹೋಗ್ಲಿ ಬಿಡೋ. ನೀನು ಕೇಳಿದ್ಯಲ್ಲ, ಅಷ್ಟು ಸಾಕು" ಎಂದಳು. ನಾನು ಯಾರನ್ನೂ ಕೇಳಿರಲಿಲ್ಲ, ಗುಬ್ಬಿ.