ತಾತನ ವಾಚಿಗೆ ಸೆಲ್ಲು

ಮನೆ, ಅಡುಗೆಮನೆಯ ಪಕ್ಕದ ಕೋಣೆ
ಗುರುವಾರ, ತಾರೀಕು ಹದಿನೇಳು

ಪ್ರೀತಿಯ ಮರಿ,

ಹೇಗಿದ್ದೀಯ? ಎದೆ ಉರಿ ಅನ್ನುತ್ತಿದ್ದೆಯಲ್ಲ, ಕಮ್ಮಿಯಾಯಿತೆ? ನಿಂತುಕೊಂಡು ಉಣ್ಣುವವರಿಗೆ ಎದೆ ಉರಿ ಬಾರದೆ ಇನ್ನೇನು ಬರುತ್ತದೆ. ಇಲ್ಲಿ ನಿನ್ನ ಅಪ್ಪನಿಗೆ ಸೊಂಟ ಹಿಡಿದಿತ್ತು, ಈಗ ಬಿಟ್ಟಿದೆ. ನಿನ್ನ ಅಮ್ಮನಿಗೆ ಏನೂ ಆಗುವುದಿಲ್ಲ, ಆಗಲು ಅವಳಿಗೆ ಪುರುಸೊತ್ತಿಲ್ಲ. ನನಗೆ ಕಾಲು ನೋವು, ಕಣ್ಣಿಗೆ ಪೊರೆ, ಅವು ನಿನಗೆ ಗೊತ್ತಿರುವವೇ. ಬಾಯಿ ಮಾತ್ರ ಚೆನ್ನಾಗಿದೆ ಎಂದು ಬರೆಯಲು ನಿನ್ನ ಅಪ್ಪ ಹೇಳಿದ್ದಾನೆ, ಬರೆದಿದ್ದೇನೆ.

ಫೋನು ಇರುವಾಗ ಮುದುಕಿ ಕಾಗದ ಯಾಕೆ ಬರೆಯುತ್ತಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ "ಅಜ್ಜಿ, ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಆ ಆಮೇಲೆ ಎನ್ನುವುದು ನಮ್ಮ ಮನೆಗೆ ಇನ್ನೂ ಬಂದಿಲ್ಲ. ಕಾಗದವನ್ನು ಹಾಗೆ ನಡುವೆ ನಿಲ್ಲಿಸಲು ಬರುವುದಿಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯುವ ಮೊದಲು ಕೊನೆಯವರೆಗೆ ಓದು. ನಾನು ಓದಿದ್ದು ನಾಲ್ಕನೆಯ ಕ್ಲಾಸು, ಅದೂ ತಮ್ಮಂದಿರನ್ನು ಎತ್ತಿಕೊಳ್ಳುವವರು ಬೇಕು ಅಂತ ಅರ್ಧಕ್ಕೆ ಬಿಡಿಸಿದರು. ಒತ್ತಕ್ಷರ ತಪ್ಪಿದ್ದರೆ ನೀನೇ ಸರಿಮಾಡಿಕೋ. ಅಷ್ಟಷ್ಟು ದೊಡ್ಡ ಕಾರುಗಳನ್ನು ಮಾರುವವನಿಗೆ ಒಂದು ಒತ್ತು ಹಾಕಿಕೊಳ್ಳುವುದು ಭಾರವಾಗದು.

ನೀನು ಕೇಳಿದ ತಾತನ ವಾಚು ತಯಾರಾಗಿದೆ. ಈ ಕಾಗದದ ಜೊತೆಗೇ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದೇನೆ. ನೀನು ಏನೇನು ಹೇಳಿದೆಯೋ ಅದೆಲ್ಲ ಹೇಳಿದ ಹಾಗೇ ಆಗಿದೆ, ಒಂದೂ ತಪ್ಪಿಸಿಲ್ಲ. ಆದರೆ ಹೇಗೆ ಆಯಿತು ಎನ್ನುವುದನ್ನು ನೀನು ತಿಳಿದುಕೊಳ್ಳಬೇಕು. ಕಟ್ಟಿಕೊಳ್ಳುವವನು ನೀನು ತಾನೆ.

ಆ ವಾಚು ನಿನ್ನ ತಾತನಿಗೆ ಅವರ ಅಪ್ಪನಿಂದ ಬಂದದ್ದು. ತಾತ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಗೋಡೆ ಗಡಿಯಾರ ಕೆಟ್ಟರೂ ಬಸ್ಸುಗಳಿಗೆ ತೊಂದರೆ ಇರಲಿಲ್ಲ, ಇವರ ಮಣಿಕಟ್ಟು ನೋಡಿ ಹೊರಡುತ್ತಿದ್ದವು. ಡ್ರೈವರುಗಳು ಎದುರಿಗೆ ಸಾರ್ ಎನ್ನುವರು, ಬೆನ್ನ ಹಿಂದೆ ನಿಮಿಷಪ್ಪ ಎನ್ನುವರು. ಯಾವನಾದರೂ ಚಹಾ ಕುಡಿಯುತ್ತಾ ಕೂತುಬಿಟ್ಟರೆ ಇವರು ಹೋಗಿ, ಬಾಯಿ ತೆರೆಯದೆ, ಅವನ ಲೋಟದ ಪಕ್ಕದಲ್ಲಿ ಡಯಲು ಕಾಣುವ ಹಾಗೆ ಕೈ ಚಾಚಿ ನಿಲ್ಲುತ್ತಿದ್ದರಂತೆ. ಮನೆಯಲ್ಲೂ ಅದೇ ರಾಜ್ಯಭಾರ. ಊಟ ತಡವಾದರೆ ಅಡುಗೆಮನೆ ಬಾಗಿಲಲ್ಲಿ ನನಗೂ ಆ ಡಯಲಿನ ದರ್ಶನ. ಬೆಳಿಗ್ಗೆ ಮುಖ ತೊಳೆದು, ಕೈ ಒರೆಸಿಕೊಂಡು, ಕಿಟಕಿಯ ಹತ್ತಿರ ನಿಂತು ಕೀಲಿ ಕೊಡುವರು. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸಕೂಡದು. ಹೊಸದಾಗಿ ಬಂದಾಗ ಒಮ್ಮೆ ನಾನು ಅದನ್ನು ಮೇಜಿನಿಂದ ಎತ್ತಿ ಇಡಲು ಹೋದೆ. "ಮುಟ್ಬೇಡ, ಎಣ್ಣೆ ಕೈ" ಎಂದರು. ಆ ಎಣ್ಣೆ ಕೈಯ ಅಡುಗೆ ಮಾತ್ರ ಅವರಿಗೆ ಎರಡು ಹೊತ್ತೂ ಇಳಿಯುತ್ತಿತ್ತು.

ಆಮೇಲೆ ಲಕ್ವ ಹೊಡೆದು ಅವರ ಬಲಗಡೆ ಬಿದ್ದುಹೋಯಿತು. ಅದು ನಿನಗೆ ಕೇಳಿ ಗೊತ್ತು, ನೋಡಿ ಗೊತ್ತಿಲ್ಲ. ವಾಚು ಕಟ್ಟುವುದು ಎಡಗೈಗೆ, ಕೀಲಿ ಕೊಡುವುದು ಬಲಗೈಯಿಂದ. ಬಲಗೈ ಇಲ್ಲದ ಮೇಲೆ ಎಷ್ಟು ಬಿಗುಮಾನದ ಮನುಷ್ಯನಾದರೂ ಎಣ್ಣೆ ಕೈಗೆ ಒಪ್ಪಿಸಲೇಬೇಕು. ಮೊದಲ ದಿನ ಅರ್ಧ ಬಾಯಲ್ಲಿ "ಬಾವಿ ರಾಟೆ ಏನೇ ಅದು" ಎಂದು ಬೈದರು. ಸ್ವಲ್ಪ ದಿನಕ್ಕೆ ಆ ಅರ್ಧ ಬಾಯಿಯೂ ಹೋಯಿತು. ಬೈಗುಳ ಹೋಗಲಿಲ್ಲ, ಕಣ್ಣಿಗೆ ಬಂದು ಕೂತಿತು. ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಒಂದು ಕಡೆ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ. ಅದಕ್ಕಿಂತ ಒಂದು ಕೂದಲೆಳೆ ಮೊದಲೇ ಕೈ ಬಿಡಬೇಕು. ದಾಟಿದರೆ ಸ್ಪ್ರಿಂಗು ತುಂಡಾಗುತ್ತದೆ, ತುಂಬ ಮೊದಲೇ ಬಿಟ್ಟರೆ ಸಂಜೆಗೆ ವಾಚು ನಿಲ್ಲುತ್ತದೆ. ಆ ಎಳೆ ಎಲ್ಲಿದೆ ಎಂದು ಅವರು ಮಲಗಿದಲ್ಲಿಂದಲೇ ಕಿವಿಯಲ್ಲಿ ಹಿಡಿಯುತ್ತಿದ್ದರು. ಜಾಗ ಬಂದಾಗ ರೆಪ್ಪೆ ಮುಚ್ಚುವರು, ನಾನು ನಿಲ್ಲಿಸುವೆ. ಅವರು ಮಲಗಿದ್ದಷ್ಟು ಕಾಲವೂ ಗಂಡ ಹೆಂಡತಿ ನಡುವೆ ನಡೆದ ಮಾತುಕತೆ ಎಂದರೆ ಅದೊಂದೇ. ನಿನ್ನ ಅಮ್ಮ ಅವರ ಬೆನ್ನಿಗೆ ಕೈಕೊಟ್ಟು ಕೂರಿಸಿಕೊಂಡಿರುವಳು, ನಾನು ಕೀಲಿ ಕೊಡುವೆ. ಹಾಸಿಗೆ ಬಟ್ಟೆ ಒಗೆದದ್ದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದ್ದು ಎಲ್ಲ ಅವಳೇ. ಇದನ್ನು ಅವಳ ಎದುರಿಗೆ ನಾನು ಹೇಳುವುದಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾಳೆ. ನೀನು ಆಗಲೂ ಫೋನು ಮಾಡುತ್ತಿದ್ದೆ, ಇಲ್ಲವೆನ್ನುವುದಿಲ್ಲ. "ತಾತ ಹೇಗಿದ್ದಾರೆ" ಎಂದು ಕೇಳುತ್ತಿದ್ದೆ. ಉತ್ತರ ಕೇಳುವ ಹೊತ್ತಿಗೆ ಸರಿಯಾಗಿ ಗಿರಾಕಿ ಬರುತ್ತಿದ್ದ.

ಬಾಯಿ ಗಟ್ಟಿಯಿದ್ದ ಕಾಲದಲ್ಲೇ ಅವರು ಎಲ್ಲರ ಮುಂದೆ ಹೇಳಿಬಿಟ್ಟಿದ್ದರು, ನನ್ನ ವಾಚು ಮೊಮ್ಮಗನಿಗೆ ಎಂದು. ಆಗ ನಿನಗೆ ಹಾಲುಹಲ್ಲು ಬೀಳುವ ವಯಸ್ಸು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೊನೆಗೆ ಅವರಿಗೆ ಬಾಯಿ ಇರಲಿಲ್ಲ. ಇದ್ದಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ ಬಿಡು, ನನಗೆ ಅವರು ಗೊತ್ತು. ಕೀಲಿ ಕೊಡಲು ಹೆಂಡತಿ, ವಾಚು ವಂಶಕ್ಕೆ. ಅವರು ಹೋದ ದಿನ ನೀನು ಬಂದೆ, ತಲೆಯ ಹತ್ತಿರ ನಿಂತೆ, ನಿನ್ನ ಕಣ್ಣು ಮೊದಲು ಹೋದದ್ದು ಮಣಿಕಟ್ಟಿಗೆ. ಪೊರೆ ಬಂದ ಕಣ್ಣಾದರೂ ನಾನು ಅದನ್ನು ನೋಡಿದೆ. ನಿನ್ನ ಅಪ್ಪ ವಾಚು ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಮಾರನೆಯ ಬೆಳಿಗ್ಗೆ ಕೀಲಿ ಕೊಡುತ್ತೇನೆ ತೆಗೆಯೋ ಎಂದರೆ "ಸತ್ತವರ ವಾಚಿಗೆ ಕೀಲಿ ಯಾಕಮ್ಮ" ಎಂದ. ವಾಚೇನು ಸತ್ತಿತ್ತೇ? ಬೀರುವಿನ ಬಾಗಿಲಿಗೆ ಕಿವಿಯಿಟ್ಟರೆ ಕೇಳಿಸುತ್ತದೇನೋ ಎಂದು ಒಮ್ಮೆ ಇಟ್ಟೂ ನೋಡಿದೆ. ನಿನ್ನ ಅಮ್ಮ ಅದನ್ನು ಕಂಡು ಅಡುಗೆಮನೆಗೆ ಹೋದಳು.

ಈಗ ನೀನು "ಅಜ್ಜಿ, ದಿನಾ ಕಟ್ಕೊಳ್ಳೋಕೆ ತಾತನ ವಾಚು ಬೇಕು, ರಿಪೇರಿ ಮಾಡ್ಸಿ ಕಳ್ಸಿ" ಎಂದಾಗ, ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಇವನಾದರೂ ಅದನ್ನು ನಡೆಸುತ್ತಾನೆ ಎಂದುಕೊಂಡೆ. ನಿನ್ನ ಅಪ್ಪನಿಗೆ ಪುರುಸೊತ್ತಿಲ್ಲ ಎಂದು ನಾನೇ ಹೊರಟೆ. ಬೇಡವೆಂದರೂ ನಿನ್ನ ಅಮ್ಮ ಬೆನ್ನಿಗೇ ಬಂದಳು. ರಿಪೇರಿಯವನ ಅಂಗಡಿ ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಒಂದು ಬೀರು ಇಟ್ಟಷ್ಟು ಅಗಲ. ಅವನೊಬ್ಬ ಬಾಯಿಬಡುಕ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರೂ ನಾಲಿಗೆಗೆ ಬಿಡುವಿಲ್ಲ. ಈಗ ಎಲ್ಲರೂ ಫೋನಿನಲ್ಲೇ ಟೈಮು ನೋಡುತ್ತಾರೆ, ಮಗ ಈ ಕೆಲಸಕ್ಕೆ ಬರಲೊಲ್ಲ, ಪಕ್ಕದ ಬೀಗದವನು ಕುಟ್ಟಿ ಕುಟ್ಟಿ ಕಿವಿ ಹಾಳುಮಾಡುತ್ತಾನೆ, ಎಲ್ಲ ನಮಗೇ ಹೇಳಿದ. ಹಿಂದಿನ ಮುಚ್ಚಳ ತೆಗೆದರೆ ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು. ಒಂದೊಂದೇ ಚಕ್ರ ಬಿಚ್ಚಿ, ಸಣ್ಣ ಬಟ್ಟಲಿನಲ್ಲಿ ಪೆಟ್ರೋಲಿಗೆ ಹಾಕಿ ತೊಳೆದ, ಊದಿ ಒಣಗಿಸಿದ, ಸೂಜಿಯ ತುದಿಯಿಂದ ಎಣ್ಣೆ ಮುಟ್ಟಿಸಿದ. ಸವೆದಿದ್ದ ಕೀಲಿಯ ತಿರುಪು ಬದಲಾಯಿಸಿದ, ಗೀರು ಬಿದ್ದ ಗಾಜು ತೆಗೆದು ಬೇರೆ ಹಾಕಿದ. ನಾವಿಬ್ಬರೂ ಸ್ಟೂಲಿನ ಮೇಲೆ ಒತ್ತಿಕೊಂಡು ಕೂತು ನೋಡಿದೆವು. ಕೊನೆಗೆ ನಾನೇ ಕೀಲಿ ಕೊಟ್ಟೆ. "ಸಾಕು ಅಜ್ಜಿ, ಮುರಿದೀತು" ಎಂದ. "ಸುಮ್ನಿರಪ್ಪ, ಇನ್ನೂ ಇದೆ" ಎಂದೆ. ಎಳೆ ಎಲ್ಲಿದೆಯೋ ಅಲ್ಲಿಗೆ ತಂದು ಬಿಟ್ಟೆ. ವಾಚು ನಡೆಯಿತು ಮರಿ, ಮೊದಲಿನ ಹಾಗೇ ನಡೆಯಿತು. ನಿನ್ನ ಅಮ್ಮ ಅಂಗಡಿಯ ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತಳು. ಅವಳಿಗೆ ನೋಡಲು ಆ ರಸ್ತೆಯಲ್ಲಿ ಏನೂ ಇರಲಿಲ್ಲ.

ಅಂದು ಸಂಜೆಯೇ ನಿನಗೆ ಫೋನು ಹಚ್ಚಿಸಿದೆ, ವಾಚು ನಡೆಯುತ್ತಿದೆ, ಬೆಳಿಗ್ಗೆ ಒಂದು ಸಲ ಕೀಲಿ ಕೊಟ್ಟರೆ ಸಾಕು ಎಂದು. ನೀನು ಏನಂದೆ, ನೆನಪಿದೆಯೋ ಅಥವಾ ಗಿರಾಕಿಯ ಗದ್ದಲದಲ್ಲಿ ಮರೆತೆಯೋ. "ದಿನಾ ಕೀ ಕೊಡೋದಾ? ಯಾರಜ್ಜಿ ಅದೆಲ್ಲ ಮಾಡ್ತಾರೆ. ಒಳಗಿನ ಮಷೀನು ತೆಗ್ಸಿ ಸೆಲ್ಲು ಹಾಕ್ಸಿ. ಡಯಲ್ ಕಲೆಯಾಗಿದೆ, ಹೊಸದು ಹಾಕ್ಸಿ. ಹೊರಗಡೆ ಹಳೇದೇ ಇರ್ಲಿ, ಪಾಲಿಶ್ ಹೊಡ್ಸಿ." ಹಳೆಯ ವಾಚು ಕಟ್ಟಿಕೊಂಡು, ಇದು ನಮ್ಮ ತಾತನದು ಎಂದು ತೋರಿಸಿದರೆ ಗಿರಾಕಿಗೆ ನಂಬಿಕೆ ಬರುತ್ತದೆ, ಕಾರು ಬೇಗ ಮಾರಾಟವಾಗಿ ಹೋಗುತ್ತದೆ ಎಂದೂ ನೀನೇ ಹೇಳಿದೆ. ತಾತನ ಚರ್ಮದೊಳಗೆ ಯಾರದೋ ಕರುಳು ತುಂಬಿ ತಾತ ಅಂತ ತೋರಿಸ್ತೀಯೇನೋ ಎಂದು ನಾನು ಕೇಳಿದೆ. ನೀನು ನಕ್ಕೆ. "ಅಜ್ಜಿ, ನೀವು ಸಿನಿಮಾಕ್ಕೆ ಬರೀಬೇಕಿತ್ತು" ಎಂದೆ. ಆಮೇಲೆ ಗಿರಾಕಿ ಬಂದ.

ನಿನ್ನ ಅಪ್ಪನ ಹತ್ತಿರ ಹೇಳಿದೆ. "ಅವನ ವಾಚು, ಅವನಿಷ್ಟ, ನಿಂಗ್ಯಾಕಮ್ಮ" ಎಂದ, ಪೇಪರಿನಿಂದ ತಲೆ ಎತ್ತಲಿಲ್ಲ. ನಿನ್ನ ಅಮ್ಮ "ಹುಡುಗ ಆಸೆ ಪಡ್ತಾನೆ ಅತ್ತೆ, ಮಾಡ್ಸಿಬಿಡೋಣ" ಎಂದಳು. ಎಂದವಳು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಕೂತಳು. ಹೆತ್ತವಳ ಬಾಯಿಂದ ಬೇರೆ ಮಾತು ಬರಲು ಹೇಗೆ ಸಾಧ್ಯ. ನಾನೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಮನೆಯವರೆಲ್ಲ ನನಗೆ ಜ್ವರ ಬಂದಿದೆ ಎಂದುಕೊಂಡರು.

ಮೊನ್ನೆ ಮತ್ತೆ ಅಂಗಡಿಗೆ ಹೋದೆವು. ಸೆಲ್ಲು ಎಂದ ಕೂಡಲೇ ರಿಪೇರಿಯವನ ಮುಖ ಅರಳಿತು, ಅವನಿಗೆ ಅದು ಚಹಾ ಕುಡಿದಷ್ಟು ಸುಲಭದ ಕೆಲಸ. ತಾನೇ ತೊಳೆದು ಎಣ್ಣೆ ಹಾಕಿದ ಮಷೀನು, ನಡೆಯುತ್ತಿರುವುದನ್ನು ಯಾಕೆ ತೆಗೆಸುತ್ತೀರಿ ಎಂದು ಅವನೂ ಒಂದು ಮಾತು ಕೇಳಲಿಲ್ಲ. ಚಿಮಟದಲ್ಲಿ ಹಿಡಿದು ಎತ್ತಿದ. ಎತ್ತಿದಾಗಲೂ ಒಳಗಿನ ಚಕ್ರ ಆಡುತ್ತಲೇ ಇತ್ತು. ಬೇರೆಬೇರೆ ವಾಚುಗಳ ಹೆಣಗಳಿದ್ದ ಒಂದು ತಗಡಿನ ಡಬ್ಬಿಗೆ ಅದನ್ನು ಹಾಕಿ, ಆ ಜಾಗಕ್ಕೆ ಅಂಗಿಯ ಗುಂಡಿಯಷ್ಟು ಹಗುರದ ಒಂದು ಮಷೀನು ಕೂರಿಸಿದ. ಹೊಸ ಡಯಲು, ಹೊಸ ಮುಳ್ಳು, ಹೊಸ ಬೆಲ್ಟು. ಪಾಲಿಶ್ ಹೊಡೆದ ಮೇಲೆ ನಿನ್ನ ತಾತ ಡಿಪೋದ ಕಬ್ಬಿಣದ ಗೇಟಿಗೆ ತಗುಲಿಸಿಕೊಂಡಿದ್ದ ಗೀರುಗಳೂ ಹೋದವು. ಈಗ ನಿನ್ನ ಹಾಗೇ ಮಿರಿಮಿರಿ ಮಿಂಚುತ್ತದೆ. ಸೆಲ್ಲು ಮುಗಿದಾಗ ನಿಮ್ಮಲ್ಲೇ ಯಾರಾದರೂ ಹಾಕಿಕೊಡುತ್ತಾರೆ. ನೀರಿಗೆ ತಾಗಿಸಬೇಡ. ಗಿರಾಕಿಗೆ ತೋರಿಸುವಾಗ ಪೂರ್ತಿ ಸುಳ್ಳು ಹೇಳಬೇಡ, ಇದು ನಮ್ಮ ತಾತನ ವಾಚಿನ ಕವಚ ಎನ್ನು. ಕಾರು ಹೋಗುವುದಿದ್ದರೆ ಅಷ್ಟಕ್ಕೇ ಹೋಗುತ್ತದೆ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಕೂತು ಊಟ ಮಾಡು. ನಿನ್ನ ಗಿರಾಕಿಗಳೆಲ್ಲ ಚೆನ್ನಾಗಿರಲಿ, ನಡುವೆ ನೀನೂ ಚೆನ್ನಾಗಿರು. ಎಷ್ಟು ಬೈದರೂ ನನ್ನ ಹರಕೆ ಹಾರೈಕೆ ಎಲ್ಲ ನಿನಗೇ ಬರುತ್ತವೆ, ಅವನ್ನು ಬೇರೆ ಕಡೆ ಕಳಿಸಲು ನನಗೆ ವಿಳಾಸ ಗೊತ್ತಿಲ್ಲ. ಅಪ್ಪ ಅಮ್ಮ ನೆನೆಸಿಕೊಂಡಿದ್ದಾರೆ.

ಇಂತಿ,
ನಿನ್ನ ಅಪ್ಪನ ಅಮ್ಮ

ಪೆಟ್ಟಿಗೆಗೆ ದಾರ ಕಟ್ಟುವ ಮೊದಲು ಇದೊಂದು. ಆ ಡಬ್ಬಿಗೆ ಬಿದ್ದ ಮಷೀನನ್ನು ನಾನು ಅಲ್ಲಿ ಬಿಟ್ಟು ಬರಲಿಲ್ಲ. ಯಾರೋ ರಿಪೇರಿಗೆ ಕೊಟ್ಟು ತಿರುಗಿ ಬಾರದ, ಅದೇ ಅಳತೆಯ ಒಂದು ವಾಚಿನ ಖಾಲಿ ಕವಚ ಅಲ್ಲಿತ್ತು, ಬಣ್ಣ ಹೋಗಿ ಹಿತ್ತಾಳೆ ಕಾಣುವಂಥದ್ದು. ಅದರೊಳಗೆ ತಾತನ ಮಷೀನು, ಕಲೆಯ ಡಯಲು, ಹಳೆಯ ಮುಳ್ಳು ಎಲ್ಲ ಹಾಕಿಸಿಕೊಂಡು ಬಂದೆ. ಈಗ ನನ್ನ ಕೈಯಲ್ಲಿದೆ, ದಿನವೂ ಕಟ್ಟುತ್ತೇನೆ. ನೀನು ಬೇಡವೆಂದದ್ದನ್ನು ಮಾತ್ರ ತೆಗೆದುಕೊಂಡಿದ್ದೇನೆ, ನಿನ್ನದನ್ನು ಮುಟ್ಟಿಲ್ಲ. ನನ್ನ ಬೆರಳು ಸೆಟೆದುಕೊಂಡ ದಿನ ನಿನ್ನ ಅಮ್ಮ ಕೀಲಿ ಕೊಡುತ್ತಾಳೆ. ನನ್ನ ನಂತರ ಅದು ಅವಳದು, ನಿನ್ನ ಅಪ್ಪನ ಮುಂದೆಯೇ ಹೇಳಿಯಾಗಿದೆ. ನೀನು ಕೇಳಿದರೆ ಅವಳು ಅಲ್ಲೇ ಬಿಚ್ಚಿ ಕೊಟ್ಟುಬಿಡುತ್ತಾಳೆ, ಅಂಥವಳು. ಅದಕ್ಕೇ ಈ ಕಾಗದ ಬರೆದದ್ದು. ಕೇಳಬೇಡ.