ಮೂರನೇ ಪ್ರೆಸ್ಸಿನ ಪೋಸ್ಟ್

ರಾಜಗೋಪಾಲನಗರ
17 ಸೆಪ್ಟೆಂಬರ್ 2017, ಭಾನುವಾರ

ಪರಮಾನಂದ ಅವರಿಗೆ ಭುವನೇಶ್ವರಿಯ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಮೂರು ತಿಂಗಳಿಂದ ನೀವು ಜಿಗಣಿಯಲ್ಲಿ, ನಾನು ಇಲ್ಲಿ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಡುತ್ತೀರಿ. ಕಾಗದಕ್ಕೆ ಹಾಗೆ ಮಾಡಲಾಗುವುದಿಲ್ಲ.

ಹೌದು, ಫೇಸ್‌ಬುಕ್ ಬಿಡುತ್ತಿದ್ದೇನೆ. ಗುರುತಿಲ್ಲದವರೆಲ್ಲ ಬಂದು ಬಾಯಿಗೆ ಬಂದಂತೆ ಬೈಯುವುದನ್ನು ಓದಿ ಓದಿ ಸಾಕಾಗಿದೆ. ಹೋದ ಭಾನುವಾರ ನೀವು, “ಬಿಡೂದಾದ್ರ ಹಳೇವೆಲ್ಲಾ ಅಳಿಸಿ ಹೊರಗ ಬಾ. ನನ್ನ ಸೂಪರ್‌ವೈಸರ್ ಕೆಲಸಕ್ಕ ಕುತ್ತು ತರಬ್ಯಾಡ,” ಎಂದಿರಿ. ಒಂದು ವಾರ ಯೋಚಿಸಿದೆ. ಅಳಿಸುವುದಿಲ್ಲ.

ಎಲ್ಲವನ್ನೂ ಮತ್ತೆ ಓದಿದೆ. ಹೋಳಿಗೆಯ ಫೋಟೋ, ನಲ್ಲಿಯಲ್ಲಿ ನೀರು ಬಾರದ್ದಕ್ಕೆ ಬರೆದ ಬೈಗುಳ, ಕಾಗುಣಿತ ತಪ್ಪಿದ ಯುಗಾದಿ ಶುಭಾಶಯ. ನಗು ಬಂತು. ಆಮೇಲೆ ಫೆಬ್ರವರಿ ಆರನೇ ತಾರೀಖಿನದು ಸಿಕ್ಕಿತು. “ನಮ್ಮ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಮೂರನೇ ಪ್ರೆಸ್ಸಿನಲ್ಲಿ ಕೈಗೆ ಅಡ್ಡವಿರುವ ಗಾರ್ಡ್ ಬಿಚ್ಚಿಟ್ಟು ಹದಿನೈದು ದಿನವಾಯಿತು. ಯಾರ ಕೈ ಹೋಗಲಿ ಎಂದು ಕಾಯುತ್ತಿದ್ದಾರೆ?” ಕೆಳಗೆ ಗಾರ್ಡ್ ಇಲ್ಲದ ಮಷಿನ್ನಿನ ಫೋಟೋ.

ಎಂಟೇ ದಿನಕ್ಕೆ ಅದೇ ಮಷಿನ್ನಿನಲ್ಲಿ, ನಮ್ಮಿಬ್ಬರ ಜೊತೆ ದುಡಿಯುತ್ತಿದ್ದ ಸಿದ್ದಕ್ಕನ ಎರಡು ಬೆರಳು ಹೋದವು. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅವಳ ಕೈಯನ್ನು ನನ್ನ ವೇಲಿನಲ್ಲಿ ಸುತ್ತಿ ಹಿಡಿದಿದ್ದೆ. ಡ್ರೈವರ್ ಪಕ್ಕ ಕೂತು ನೀವು ಅಳುತ್ತಿದ್ದಿರಿ. ಅದೇ ನೀವು ಮೇ ತಿಂಗಳಲ್ಲಿ, ಗಾರ್ಡ್ ಇತ್ತು, ಸಿದ್ದಕ್ಕನೇ ಬಿಚ್ಚಿದಳು ಎಂದು ಕಂಪನಿ ಬರೆದ ಹಾಳೆಗೆ ಸಹಿ ಹಾಕಿದಿರಿ. ಜೂನ್‌ನಲ್ಲಿ ಜಿಗಣಿ ಘಟಕದ ಸೂಪರ್‌ವೈಸರ್ ಆದಿರಿ.

ಹೋದ ತಿಂಗಳು ಮ್ಯಾನೇಜರ್ ಶ್ರೀಧರ್ ನನ್ನನ್ನು ಕರೆಸಿ, “ಅದೊಂದು ಪೋಸ್ಟ್ ತೆಗೆದ್ಬಿಡಮ್ಮಾ. ನಿನ್ನನ್ನೂ ಜಿಗಣಿಗೇ ಹಾಕಿಸ್ತೀನಿ, ಗಂಡ ಹೆಂಡ್ತಿ ಒಟ್ಟಿಗಿರಿ,” ಎಂದರು. ಸುಳ್ಳು ಯಾಕೆ ಹೇಳಲಿ, ಮನಸ್ಸಾಯಿತು. ಹೊರಗೆ ಬಂದರೆ ಗೇಟಿನ ಹತ್ತಿರ ಸಿದ್ದಕ್ಕ ನಿಂತಿದ್ದಳು. ಅವಳನ್ನು ಈಗ ಒಳಗೆ ಬಿಡುವುದಿಲ್ಲ. “ನಾ ಬಿಚ್ಚಿಲ್ಲವ್ವಾ. ನೀನರ ನಂಬತೀ ಹೌದಿಲ್ಲೋ?” ಎಂದಳು. ನಂಬುವ ಮಾತೇನು, ಕಣ್ಣಾರೆ ಕಂಡವಳು ನಾನು.

ಖಾತೆ ಮುಚ್ಚಿದರೆ ಪೋಸ್ಟೂ ಹೋಗುತ್ತದೆ ಎಂದು ಅವಳ ಪರಿಹಾರದ ಕೇಸು ನಡೆಸುವ ವಕೀಲೆ ಕೃಪಾ ಮೇಡಂ ಹೇಳಿದರು. ಆದ್ದರಿಂದ ಖಾತೆ ಇರಲಿ, ಹೊರಗೆ ಬರುವುದು ನಾನೊಬ್ಬಳೇ. ಫೋನಿನಿಂದ ಫೇಸ್‌ಬುಕ್ ತೆಗೆದೆ. ನಿಮಗೆ ಗೊತ್ತಿದ್ದ ಪಾಸ್‌ವರ್ಡ್ ಬದಲಿಸಿದೆ. ಇಪ್ಪತ್ತಾರಕ್ಕೆ ಕೋರ್ಟಿನಲ್ಲಿ ನಿಂತು, ಬರೆದವಳು ನಾನೇ ಎನ್ನುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ, ಪೀಣ್ಯದಲ್ಲಿ ಫ್ಯಾಕ್ಟರಿಗಳಿಗೆ ಬರವಿಲ್ಲ.

ನೀವೂ ಬಂದು ನಿಜ ಹೇಳಿದರೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬರೋಣ. ಬಾರದಿದ್ದರೆ, ನಿಮ್ಮ ಸಹಿ ಸುಳ್ಳೆಂದು ನಾನೇ ಹೇಳುತ್ತೇನೆ. ಆಗ ನನ್ನ ಮೇಲೆ ಕೂಗಾಡಬೇಡಿ, ಮೊದಲೇ ತಿಳಿಸಿದ್ದೇನೆ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಭುವನೇಶ್ವರಿ

ತಾ.ಕ.: ಒಂದನ್ನು ಮಾತ್ರ ಅಳಿಸಿದ್ದೇನೆ. ನಮ್ಮ ಮದುವೆಯಾಗಿ ಐದು ವರ್ಷವಾದಾಗ ನಿಮ್ಮ ಫೋಟೋ ಹಾಕಿ, “ನಮ್ಮ ಮನೆಯವರು ಯಾರಿಗೂ ಹೆದರುವವರಲ್ಲ” ಎಂದು ಬರೆದಿದ್ದೆ. ಅಳಿಸಲು ಎರಡು ದಿನ ಬೇಕಾಯಿತು.