ಗಿಡ್ಡಪ್ಪನ ಹೊಲದ ದೀಪ

ಹರಿಹರ
೧೪-೭-೧೯೫೮

ಚಿರಂಜೀವಿ ತಮ್ಮ ಮೌನೇಶನಿಗೆ ಅಕ್ಕನ ಆಶೀರ್ವಾದ.

ನಿನ್ನ ಹೊಟ್ಟೆನೋವು ಹೆಂಗೈತೆ? ಮೈಸೂರಿನ ಖಾನಾವಳಿ ಊಟ ಒಗ್ಗದಿದ್ರೆ ಮಜ್ಜಿಗೆಗೆ ಮೆಂತ್ಯದ ಪುಡಿ ಹಾಕ್ಕೊಂಡು ಕುಡಿ. ಇಲ್ಲಿ ಮಳೆ ಹಿಡಿದು ಎಂಟು ದಿನ ಆತು. ಹೊಳೆ ತುಂಬೈತೆ, ಅಪ್ಪನ ಕೆಮ್ಮು ಹಂಗೇ ಐತೆ.

ಅಪ್ಪಂಗೆ ನಿನ್ನ ಕಾಗದವೇ ಔಷಧ. ಬಂದ ದಿನ ನನ್ನ ಕೈಲಿ ಮೂರು ಸಲ ಓದಿಸ್ತಾರೆ, ಆಮೇಲೆ ಅಕ್ಷರ ಬರದಿದ್ರೂ ಜೇಬಿನಾಗಿಟ್ಕೊಂಡು ಪ್ಯಾಟಿಗೆ ಹೋಗ್ತಾರೆ. "ನನ್ನ ಮಗ ಸರ್ಕಾರದ ಮ್ಯೂಸಿಯಂನಾಗೆ ಹಳೇ ಕಂಚಿನ ದೇವರಿಗೆ ಮದ್ದು ಮಾಡ್ತಾನೆ" ಅಂತ ದಾವಣಗೆರೆ ಪಾತ್ರೆ ವ್ಯಾಪಾರಿಗಳಿಗೆಲ್ಲ ಹೇಳಿ ಮುಗೀತು. ನನಗೆ ಹೊಟ್ಟೆ ಉರೀತೈತೆ ಮೌನೇಶ, ನಿನ್ನ ಹತ್ರ ಮುಚ್ಚಿಡೋದೇನು. ಗಂಡ ತೀರಿ ಈ ಮನೆಗೆ ಬಂದ ಮೇಲೆ ಹನ್ನೊಂದು ವರ್ಷ ಅಪ್ಪನ ಕುಲುಮೆಗೆ ತಿದಿ ಒತ್ತಿದವಳು ನಾನು. ನಿನಗೆ ಅಕ್ಷರ ತಿದ್ದಿಸಿದವಳೂ ನಾನೇ. ಒಂದು ದಿನಾನೂ "ಚಲೋ ಮಾಡಿದೆ" ಅನ್ನಿಸಿಕೊಂಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗೆ.

ಕಡರನಾಯಕನಹಳ್ಳಿ ಗಿಡ್ಡಪ್ಪನ ಹೊಲದಾಗೆ ಸಿಕ್ಕಿದ ಕಂಚಿನ ದೀಪ ಏನು ಮಾಡಬೇಕು ಅಂತ ಹೋದ ತಿಂಗಳು ಅಪ್ಪ ನಿನಗೆ ಬರೆಸಿದ್ರಲ್ಲ, ಅದನ್ನ ತೊಳೆದಾತು. ಅಪ್ಪ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ರು. ಅವರ ಕೈ ಸೋತ ಮೇಲೆ ನಾನು ತಿಕ್ಕಿದೆ. ಸಂಜೆ ಹೊತ್ತಿಗೆ ಹಸಿರು ಕಿಲುಬೆಲ್ಲ ಹೋಗಿ ಬಂಗಾರದಂಗೆ ಹೊಳೀತು. ಗಿಡ್ಡಪ್ಪ ಬಾಯಿ ಬಿಟ್ಕೊಂಡು ನಿಂತ. ಅಪ್ಪ, "ನಂದೇನಿಲ್ಲಪಾ, ನನ್ನ ಮಗಳ ಕೈಗುಣ" ಅಂದ್ರು. ಆ ಮಾತಿಗೆ ಎಷ್ಟು ವರ್ಷ ಕಾದಿದ್ದೆನೋ.

ವಾರಕ್ಕೊಂದ್ಸಲ ತಲೆಗೆ ಎಣ್ಣೆ ಹಚ್ಕೊ. ಆ ದೇವರುಗಳೆಲ್ಲ ನಿನ್ನ ಕೈ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಸರ್ವಮಂಗಳ

ತಾ.ಕ.: ಟಪಾಲಿನವ ಬರೋ ಹೊತ್ತಾತು, ಹೇಳಿಬಿಡ್ತೀನಿ. "ದೀಪ ತಿಕ್ಕಬ್ಯಾಡ್ರಿ, ಹುಳಿ ತಾಗಿಸಬ್ಯಾಡ್ರಿ, ಕಿಲುಬಿನಾಗೇ ಅಕ್ಷರ ಉಳಿದಿರ್ತಾವೆ, ನಾನು ಬಂದು ನೋಡ್ತೀನಿ" ಅಂತ ನೀನು ಬರೆದಿದ್ದ ಸಾಲನ್ನ ನಾನು ಅಪ್ಪಂಗೆ ಓದಲೇ ಇಲ್ಲ. ಈ ದೀಪದ ಹೆಸರೂ ನಿನ್ನ ಪಾಲಿಗೇ ಯಾಕ ಹೋಗಬೇಕು ಅನ್ನಿಸ್ತು. ಪೀಠದ ಮ್ಯಾಲೆ ಅಕ್ಷರ ಇದ್ವು ಮೌನೇಶ. ನನ್ನ ಕಣ್ಣಿಗೆ ಬೀಳೋ ಹೊತ್ತಿಗೆ ಅರ್ಧ ಹೋಗಿದ್ವು. ದೀಪ ಇನ್ನೂ ನಮ್ಮನೆಯಾಗೇ ಐತೆ, ಈಗ ಥಂಡಿಗೆ ಅದರ ತುಂಬ ಹಸಿರು ಹಿಟ್ಟು ಏಳ್ತಾ ಐತೆ, ಅಪ್ಪ ದಿನಾ ಹುಣಸೆಹಣ್ಣು ಹಿಡಿದು ಕೂಡ್ತಾರೆ. ನಾನು ಬ್ಯಾಡ ಅಂದ್ರೆ "ನಿನಗೇನು ಗೊತ್ತು" ಅಂತಾರೆ. ನಿನ್ನ ಮಾತಾದ್ರೆ ಕೇಳ್ತಾರೆ. ತಿಕ್ಕಬ್ಯಾಡ್ರಿ ಅಂತ ಇನ್ನೊಂದು ಸಲ ಬರಿ. ಈ ಸಲ ಓದ್ತೀನಿ.